ವಿಜ್ಞಾನ ಶಿಕ್ಷಕರಿಗೆ ಬೇಕಾದುದು ಮಾರಾಟೋತ್ತರ ಸೇವೆ

ಯಂತ್ರವನ್ನು ಮಾರಿದ ದಿನಕ್ಕಿಂತ ಅದು ಕೆಟ್ಟು ನಿಂತ ದಿನವೇ ವ್ಯಾಪಾರಿಯ ಹೆಸರನ್ನು ನಿರ್ಧರಿಸುತ್ತದೆ ಎಂಬುದು ಪೇಟೆಯಲ್ಲಿ ಕುಳಿತವರೆಲ್ಲರೂ ಬಲ್ಲ ಸಂಗತಿ. ಪಂಪ್‌ಸೆಟ್ ಮಾರುವವರಾಗಲಿ, ಹಿಟ್ಟಿನ ಗಿರಣಿಯ ಮೋಟಾರು ಮಾರುವವರಾಗಲಿ, ಬಿಡಿಭಾಗವೂ ಮೆಕ್ಯಾನಿಕ್ಕೂ ಇಲ್ಲದೆ ಎರಡನೆಯ ಗಿರಾಕಿಯನ್ನು ನಿರೀಕ್ಷಿಸಲಾರರು. ಆದರೆ ಅದೇ ವ್ಯಾಪಾರಿ ತನ್ನೂರಿನ ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಉಪಕರಣಗಳ ಪೆಟ್ಟಿಗೆಯೊಂದನ್ನು ದಾನವಾಗಿ ಕೊಟ್ಟು, ಹಾರ ಹಾಕಿಸಿಕೊಂಡು, ಛಾಯಾಚಿತ್ರಕ್ಕೆ ನಿಂತು ಹಿಂದಿರುಗಿದ ಮೇಲೆ, ಆ ಪೆಟ್ಟಿಗೆಯ ಗತಿ ಏನಾಯಿತೆಂದು ವಿಚಾರಿಸುವುದು ಅಪರೂಪ. ಎಷ್ಟೋ ಶಾಲೆಗಳಲ್ಲಿ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ.

ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್ ಹಾಗೂ ಗಣಿತಗಳನ್ನು ಒಟ್ಟಾಗಿ ‘ಸ್ಟೆಮ್’ ಎಂದು ಕರೆಯುವ ರೂಢಿ ಬಂದಿದೆ. ಇವನ್ನು ಪುಸ್ತಕದಿಂದ ಓದಿಸುವುದಕ್ಕೆ ಬದಲಾಗಿ ಮಕ್ಕಳಿಂದಲೇ ಮಾಡಿಸಿ ಕಲಿಸಬೇಕೆಂಬ ವಿಷಯದಲ್ಲಿ ಇಂದು ಯಾರ ತಕರಾರೂ ಇಲ್ಲ. ತಕರಾರು ಇರುವುದು ಕಪಾಟಿನ ಬೀಗದ ವಿಷಯದಲ್ಲಿ. ಶಿಕ್ಷಕರಿಗೆ ಆಸಕ್ತಿ ಇಲ್ಲವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಕಾರಣಗಳನ್ನು ಒಂದೊಂದಾಗಿ ನೋಡಿದರೆ ಅವು ಕಾರ್ಖಾನೆ ನಡೆಸುವವರಿಗೆ ತೀರ ಪರಿಚಿತವಾದವೇ ಆಗಿವೆ.

ಆಮ್ಮೀಟರ್ ಸುಟ್ಟ ದಿನ

ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಬಹುದು. ಒಂದು ನೈಕ್ರೋಮ್ ತಂತಿ, ನಾಲ್ಕು ಒಣ ಕೋಶಗಳು, ಒಂದು ಆಮ್ಮೀಟರ್, ಒಂದು ವೋಲ್ಟ್‌ಮೀಟರ್. ಇಷ್ಟಿದ್ದರೆ ಓಮನ ನಿಯಮವನ್ನು ಮಕ್ಕಳು ತಾವೇ ಅಳೆದು ನೋಡಬಹುದು. ಆಮ್ಮೀಟರನ್ನು ಮಂಡಲದಲ್ಲಿ ಸರಣಿಯಾಗಿ ಜೋಡಿಸಬೇಕು. ಅದರ ಒಳರೋಧ ಅತ್ಯಲ್ಪವಾದುದರಿಂದ, ಮಗುವೊಂದು ತಪ್ಪಿ ಅದನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸಿದರೆ ಮಿತಿಮೀರಿದ ವಿದ್ಯುತ್ ಹರಿದು ಮುಳ್ಳು ಬಾಗುತ್ತದೆ ಅಥವಾ ಸುರುಳಿ ಸುಡುತ್ತದೆ. ಕಲಿಯುವ ಮಗು ಈ ತಪ್ಪನ್ನು ಮಾಡಿಯೇ ಮಾಡುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಮಾಡುತ್ತಾರೆ.

ಶಾಲೆಯಲ್ಲಿ ಇರುವುದು ಒಂದೇ ಆಮ್ಮೀಟರ್ ಎಂದುಕೊಳ್ಳೋಣ. ದಾಸ್ತಾನು ವಹಿಯಲ್ಲಿ ಅದು ನಮೂದಾಗಿದೆ. ವರ್ಗಾವಣೆಯಾಗಿ ಹೋಗುವ ಶಿಕ್ಷಕರು ಪ್ರಭಾರ ವಹಿಸಿಕೊಡುವಾಗ ಅದನ್ನು ತೋರಿಸಬೇಕು. ತೋರಿಸದಿದ್ದರೆ ಉತ್ತರ ಹೇಳಬೇಕು. ಇಂಥ ಸ್ಥಿತಿಯಲ್ಲಿ ವಿವೇಕಿಯಾದ ಯಾವ ನೌಕರನಾದರೂ ಮಾಡುವ ಕೆಲಸವನ್ನೇ ಶಿಕ್ಷಕರೂ ಮಾಡುತ್ತಾರೆ. ಆಮ್ಮೀಟರನ್ನು ದೂರದಿಂದ ತೋರಿಸಿ, ಕರಿಹಲಗೆಯ ಮೇಲೆ ಮಂಡಲದ ಚಿತ್ರ ಬರೆದು, ಪಾಠ ಮುಗಿಸುತ್ತಾರೆ. ಪರೀಕ್ಷೆಯೂ ಅವರಿಗೆ ವಿರುದ್ಧವಾಗಿ ನಿಲ್ಲುವುದಿಲ್ಲ. ರಾಜ್ಯದ ಎಸ್.ಎಸ್.ಎಲ್.ಸಿ. ವಿಜ್ಞಾನ ವಿಷಯದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ. ಚಿತ್ರ ಬಿಡಿಸಲು ಬಂದರೆ ಬಹುಪಾಲು ಅಂಕ ಕೈಸೇರುತ್ತದೆ.

ಈ ಆಮ್ಮೀಟರಿಗೆ ಹೊಂದುವ ಗಾಜಿನ ಫ್ಯೂಸ್ ಒಂದನ್ನು ಹೋಲ್ಡರ್‌ ಸಹಿತ ಸರಣಿಯಲ್ಲಿ ಕೂರಿಸಿ, ಒಂದು ಹಲಗೆಯ ಮೇಲೆ ಬಿಗಿದುಕೊಟ್ಟರೆ, ತಪ್ಪು ಜೋಡಣೆಯಲ್ಲಿ ಸುಡುವುದು ಮೀಟರಿನ ಬದಲು ಫ್ಯೂಸ್. ಬದಲಿ ಫ್ಯೂಸ್‌ಗಳ ಪೊಟ್ಟಣವೊಂದನ್ನು ಅದೇ ಹಲಗೆಯ ಹಿಂಬದಿಗೆ ಅಂಟಿಸಿಟ್ಟರೆ ತರಗತಿ ಐದು ನಿಮಿಷವೂ ನಿಲ್ಲುವುದಿಲ್ಲ. ವಿದ್ಯುತ್ ಪ್ಯಾನಲ್ ತಯಾರಿಸುವ ಯಾವುದೇ ಸಣ್ಣ ಘಟಕದಲ್ಲಿ ಇದು ಒಂದು ಗಂಟೆಯ ಕೆಲಸ. ಹೊಸ ಆಮ್ಮೀಟರ್ ದಾನ ಮಾಡುವುದಕ್ಕಿಂತ ಇದರ ಖರ್ಚು ಕಡಿಮೆ. ಅದಕ್ಕಿಂತ ಮುಖ್ಯವಾದುದೆಂದರೆ, ತಪ್ಪು ಮಾಡಿ ಕಲಿಯುವ ಅವಕಾಶ ಮಗುವಿಗೆ ಸಿಗುತ್ತದೆ, ಶಿಕ್ಷಕರಿಗೆ ವಹಿಯ ಭಯ ಇಳಿಯುತ್ತದೆ.

ಶಾಲಾ ಪ್ರಯೋಗಾಲಯದ ಉಪಕರಣಗಳ ತಯಾರಿಕೆಗೆ ಹರಿಯಾಣದ ಅಂಬಾಲಾ ಹೆಸರಾದ ಊರು. ದೂರದ ಊರಿನಿಂದ ಬಂದ ಉಪಕರಣದ ಒಂದು ತಿರುಪು ಕಳೆದುಹೋದರೆ ಹಳ್ಳಿಯ ಶಿಕ್ಷಕರು ಯಾರನ್ನು ಕೇಳಬೇಕು? ಆದರೆ ಅದೇ ಅಳತೆಯ ತಿರುಪು ತಾಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತದೆ.

ತಿರುಗದ ಮೋಟಾರು

ಇನ್ನೊಂದು ಪ್ರಯೋಗವನ್ನು ನೋಡಬಹುದು. ಎನಾಮಲ್ ಲೇಪಿತ ತಾಮ್ರದ ತಂತಿಯನ್ನು ಹತ್ತಿಪ್ಪತ್ತು ಸುತ್ತು ಸುತ್ತಿ, ಎರಡು ಪಿನ್ನುಗಳ ಮೇಲೆ ಕೂರಿಸಿ, ಕೆಳಗೊಂದು ಅಯಸ್ಕಾಂತವಿಟ್ಟು ಬ್ಯಾಟರಿಗೆ ಜೋಡಿಸಿದರೆ ವಿದ್ಯುತ್ ಮೋಟಾರು ಸಿದ್ಧ. ಪುಸ್ತಕದಲ್ಲಿ ಓದಲು ಇಷ್ಟೇ. ತರಗತಿಯಲ್ಲಿ ಮಾಡಲು ಹೊರಟಾಗ ಅದು ತಿರುಗುವುದಿಲ್ಲ. ನಲವತ್ತು ಮಕ್ಕಳ ಎದುರಿಗೆ ಶಿಕ್ಷಕಿಯೊಬ್ಬರು ಬ್ಯಾಟರಿ ಬದಲಿಸುತ್ತಾರೆ, ಅಯಸ್ಕಾಂತ ತಿರುಗಿಸುತ್ತಾರೆ, ಬೆರಳಿನಿಂದ ತಳ್ಳುತ್ತಾರೆ. ಅವಧಿ ಮುಗಿದ ಗಂಟೆ ಬಾರಿಸುತ್ತದೆ. ಮುಂದಿನ ವರ್ಷ ಅವರು ಆ ಪ್ರಯೋಗದ ಹತ್ತಿರ ಹೋಗುವುದಿಲ್ಲ.

ತಪ್ಪು ಬಹುತೇಕ ಒಂದೇ ಕಡೆ ಇರುತ್ತದೆ. ಎನಾಮಲ್ ಲೇಪವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ತಂತಿಯ ಒಂದು ತುದಿಯಲ್ಲಿ ಅದನ್ನು ಉಪ್ಪುಕಾಗದದಿಂದ ಸುತ್ತಲೂ ಉಜ್ಜಿ ತೆಗೆಯಬೇಕು. ಇನ್ನೊಂದು ತುದಿಯಲ್ಲಿ ಅರ್ಧ ಸುತ್ತು ಮಾತ್ರ ತೆಗೆದು ಉಳಿದರ್ಧವನ್ನು ಹಾಗೆಯೇ ಬಿಡಬೇಕು. ಆಗ ಸುರುಳಿ ತಿರುಗುತ್ತಿದ್ದಂತೆ ಅರ್ಧ ಸುತ್ತಿನಲ್ಲಿ ವಿದ್ಯುತ್ ಹರಿದು, ಉಳಿದರ್ಧದಲ್ಲಿ ಕಡಿದು, ಸುರುಳಿ ತನ್ನ ವೇಗದಲ್ಲಿಯೇ ಮುಂದಕ್ಕೆ ಹೊರಳುತ್ತದೆ. ಎರಡೂ ತುದಿಯನ್ನು ಪೂರ್ತಿ ಉಜ್ಜಿದರೆ ಅದು ಸ್ವಲ್ಪ ಅಲುಗಾಡಿ ನಿಂತುಬಿಡುತ್ತದೆ. ಬಸ್ ನಿಲ್ದಾಣದ ಹಿಂದಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಒಮ್ಮೆ ತೋರಿಸಿದರೆ ಈ ತಪ್ಪನ್ನು ಆತ ಒಂದು ನಿಮಿಷದಲ್ಲಿ ಹಿಡಿದಾನು. ದಿನವಿಡೀ ಅವನು ಉಜ್ಜುವುದು ಇದೇ ತಂತಿಯನ್ನು. ಆತ ಎಸ್.ಎಸ್.ಎಲ್.ಸಿ. ಅನುತ್ತೀರ್ಣನಾಗಿದ್ದರೂ ಇರಬಹುದು, ಅದು ಇಲ್ಲಿ ಅಡ್ಡಿಯಲ್ಲ. ಅವನಿಗೂ ಆ ಶಿಕ್ಷಕಿಗೂ ನಡುವೆ ಇರುವುದು ಒಂದೆರಡು ಕಿಲೋಮೀಟರ್ ದೂರ ಮಾತ್ರ. ಆದರೆ ಅವರಿಬ್ಬರನ್ನು ಭೇಟಿ ಮಾಡಿಸುವವರಿಲ್ಲ.

ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಪಿ.ಸಿ.ಎಂ. ಶಿಕ್ಷಕರು, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನು ಸಿ.ಬಿ.ಜೆಡ್. ಶಿಕ್ಷಕರು ಕಲಿಸುವುದು ಏರ್ಪಾಡು. ಒಂದು ಹುದ್ದೆ ಖಾಲಿಯಾದರೆ ಜೀವಶಾಸ್ತ್ರ ಓದಿದವರು ಮೋಟಾರನ್ನೂ, ಗಣಿತ ಓದಿದವರು ಕಪ್ಪೆಯ ಜೀರ್ಣಾಂಗವನ್ನೂ ಕಲಿಸಬೇಕಾಗುತ್ತದೆ. ಪ್ರಯೋಗಾಲಯ ಸಹಾಯಕರಿಲ್ಲದ ಶಾಲೆಯಲ್ಲಿ ನಲವತ್ತು ನಿಮಿಷದ ಅವಧಿಯೊಳಗೆ ಉಪಕರಣ ಹೊರತೆಗೆದು, ಜೋಡಿಸಿ, ಮಾಡಿಸಿ, ತೊಳೆದು ಒಳಗಿಡುವುದೂ ಅವರದೇ ಹೊಣೆ.

ಹೋಶಂಗಾಬಾದಿನ ಅನುಭವ

ಈ ತೊಡಕುಗಳನ್ನೆಲ್ಲ ಬಹಳ ಹಿಂದೆಯೇ ಎದುರಿಸಿ ನೋಡಿದ ಪ್ರಯತ್ನವೊಂದು ದೇಶದಲ್ಲಿ ನಡೆದಿತ್ತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (2022ರಿಂದ ಇದರ ಹೆಸರು ನರ್ಮದಾಪುರಂ) 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ರಾಜ್ಯ ಸರ್ಕಾರದ ಒಪ್ಪಿಗೆ ಪಡೆದು ಪ್ರಯೋಗಾಧಾರಿತ ವಿಜ್ಞಾನ ಶಿಕ್ಷಣವನ್ನು ಆರಂಭಿಸಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ವಿಸ್ತರಿಸಿತು. ಮುಂದೆ 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತು ಸುಮಾರು 1,000 ಶಾಲೆಗಳವರೆಗೆ ಒಯ್ದಿತು.

ಅಲ್ಲಿ ಮಕ್ಕಳಿಗೆ ಕೊಟ್ಟ ಸಾಮಗ್ರಿ ಅಗ್ಗದ್ದು. ಬಹಳಷ್ಟು ಸ್ಥಳೀಯ ಅಂಗಡಿಯಲ್ಲಿಯೇ ಸಿಗುವಂಥದು. ಆದರೆ ಸಾಮಗ್ರಿಯ ಜೊತೆಗೆ ಶಿಕ್ಷಕರಿಗೆ ಬೇಸಿಗೆಯ ದೀರ್ಘ ತರಬೇತಿ ಇತ್ತು, ತಿಂಗಳ ಸಭೆ ಇತ್ತು, ಶಾಲೆಗೇ ಬಂದು ಪಕ್ಕದಲ್ಲಿ ನಿಂತು ನೆರವಾಗುವ ಸಂಪನ್ಮೂಲ ಶಿಕ್ಷಕರಿದ್ದರು, ಮುಗಿದ ಸಾಮಗ್ರಿಯನ್ನು ಮತ್ತೆ ತುಂಬಿಕೊಡುವ ವ್ಯವಸ್ಥೆಯೂ ಕಾರ್ಯಕ್ರಮದ ಭಾಗವಾಗಿತ್ತು. ಪರೀಕ್ಷೆಯನ್ನೂ ಬದಲಿಸಲಾಗಿತ್ತು: ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಪುಣೆಯ ಟೆಲ್ಕೋ ಕಾರ್ಖಾನೆಯ ಇಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ ಅವರು 1978ರಲ್ಲಿ ರಜೆ ಪಡೆದು ಅಲ್ಲಿಗೆ ಹೋದರು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸಿ ತ್ರಿಕೋನ, ಘನಾಕೃತಿಗಳನ್ನು ಮಾಡುವ ಅವರ ವಿಧಾನ ಮುಂದೆ ದೇಶಾದ್ಯಂತ ಹಬ್ಬಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಲಾರಿ ತಯಾರಿಸುವ ಕಾರ್ಖಾನೆಯ ನೌಕರನೊಬ್ಬ ರಜೆಯಲ್ಲಿ ಹೋಗಿ ಇಷ್ಟು ಮಾಡಿದನೆಂಬುದನ್ನು ಕಾರ್ಖಾನೆಗಳ ಒಡೆಯರು ಗಮನಿಸಬಹುದು.

2002ರಲ್ಲಿ ರಾಜ್ಯ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸ ಒಂದು ಆದೇಶದಿಂದ ಶಾಲೆಗಳಿಂದ ಹೊರಬಿದ್ದಿತು. ಇಲಾಖೆಯ ಆಚೆಗೆ, ಊರಿನೊಳಗೇ ಶಿಕ್ಷಕರ ಬೆನ್ನಿಗೆ ನಿಲ್ಲುವವರು ಇರಬೇಕೆಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಣ ಎಲ್ಲಿದೆ, ಏನಿಲ್ಲ

ಇಂದು ಹಣ ಇಲ್ಲವೇ ಇಲ್ಲವೆಂದು ಹೇಳುವಂತಿಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ದೇಶದ ಸುಮಾರು 10,000 ಶಾಲೆಗಳಲ್ಲಿ ಪ್ರಯೋಗಾಲಯಗಳು ಸ್ಥಾಪಿತವಾಗಿವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ. ಅದರಲ್ಲಿ ಅರ್ಧ ಸ್ಥಾಪನೆಗೆ, ಉಳಿದರ್ಧ ಗರಿಷ್ಠ ಐದು ವರ್ಷಗಳ ನಿರ್ವಹಣೆಗೆ. ಸರ್ಕಾರಿ ಶಾಲೆಗಳಲ್ಲಿ ಇಂಥ ಇನ್ನೂ 50,000 ಪ್ರಯೋಗಾಲಯಗಳನ್ನು ಐದು ವರ್ಷಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ತ್ರೀಡಿ ಪ್ರಿಂಟರು, ಸಂವೇದಕ, ಮೈಕ್ರೋ ಕಂಟ್ರೋಲರ್ ಬೋರ್ಡುಗಳು ಶಾಲೆಗೆ ಬರುತ್ತವೆ. ಪ್ರಿಂಟರಿನ ನಳಿಕೆ ಕಟ್ಟಿಕೊಂಡಾಗ ಅದನ್ನು ಬಿಡಿಸುವವರು ಯಾರು ಎಂಬಲ್ಲಿಗೆ ಮಾತು ಮತ್ತೆ ಬಂದು ನಿಲ್ಲುತ್ತದೆ.

ಸಾಧಾರಣ ಶಾಲೆಯ ಕೈಯಲ್ಲಿರುವುದು ಬೇರೆ ಲೆಕ್ಕ. ಸಮಗ್ರ ಶಿಕ್ಷಣ ಯೋಜನೆಯಡಿ 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ನಿಗದಿಯಾದ ಸಂಯುಕ್ತ ಅನುದಾನ ವರ್ಷಕ್ಕೆ 25,000 ರೂಪಾಯಿ, 250ರವರೆಗೆ 50,000. ವಿದ್ಯುತ್ ಬಿಲ್ಲು, ನೀರು, ಸಣ್ಣ ರಿಪೇರಿ, ಶುಚಿತ್ವ ಇವೆಲ್ಲ ಕಳೆದು ಮೆಗ್ನೀಸಿಯಂ ಪಟ್ಟಿಗೂ ಲಿಟ್ಮಸ್ ಕಾಗದಕ್ಕೂ ಎಷ್ಟು ಉಳಿದೀತೆಂದು ಲೆಕ್ಕ ಬಲ್ಲವರಿಗೆ ಹೇಳಬೇಕಿಲ್ಲ.

ತರಬೇತಿಯ ಏರ್ಪಾಡುಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯು ಚಳ್ಳಕೆರೆಯ ತನ್ನ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ವಸತಿಸಹಿತ ತರಬೇತಿ ನಡೆಸುತ್ತಿದೆ. 1999ರಲ್ಲಿ ಸ್ಥಾಪಿತವಾದ ಅಗಸ್ತ್ಯ ಪ್ರತಿಷ್ಠಾನವು ನಮ್ಮ ಗಡಿಗೆ ಅಂಟಿಕೊಂಡಿರುವ ಆಂಧ್ರದ ಕುಪ್ಪಂನಲ್ಲಿ ಆವರಣ ಹೊಂದಿದ್ದು, ಸಂಚಾರಿ ಪ್ರಯೋಗಾಲಯಗಳನ್ನು ಹಳ್ಳಿಗಳಿಗೆ ಕಳುಹಿಸುತ್ತದೆ. ಶಿಕ್ಷಕರಿಗೂ ತರಬೇತಿ ಕೊಡುತ್ತದೆ. ಇವೆಲ್ಲ ಅಮೂಲ್ಯ ಕೆಲಸಗಳೇ. ಆದರೆ ತರಬೇತಿ ಮುಗಿಸಿ ಊರಿಗೆ ಮರಳಿದ ಶಿಕ್ಷಕರಿಗೆ ಮರುದಿನ ಬೇಕಾಗುವುದು ಕೂಗಳತೆಯಲ್ಲಿರುವ ಒಬ್ಬ ಕಸಬುದಾರ.

ಸಣ್ಣ ಉದ್ಯಮಿಯ ಪಾಲು

2013ರ ಕಂಪನಿ ಕಾಯಿದೆಯ 135ನೆಯ ವಿಧಿಯ ಸಾಮಾಜಿಕ ಹೊಣೆಗಾರಿಕೆ ನಿಯಮವು 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಗಳಿಗೆ ಅನ್ವಯಿಸುತ್ತದೆ. ಸಣ್ಣ ಘಟಕಗಳಲ್ಲಿ ಬಹುಪಾಲು ಈ ಮಿತಿಯ ಕೆಳಗಿವೆ. ಶಾಲೆಗಾಗಿ ಖರ್ಚು ಮಾಡಬೇಕೆಂಬ ಕಟ್ಟುಪಾಡು ಅವುಗಳಿಗಿಲ್ಲ. ಹಾಗೆಯೇ ದೊಡ್ಡ ಕಂಪನಿಗಳಲ್ಲಿ ಇಲ್ಲದ ಅನುಕೂಲವೊಂದು ಅವುಗಳಿಗಿದೆ. ಅವು ಶಾಲೆ ಇರುವ ಊರಿನಲ್ಲಿಯೇ ಇವೆ. ಅಂದಹಾಗೆ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಾಣಿಜ್ಯ ಮಂಡಳಿ ಮತ್ತು ಮೈಸೂರು ವಿಶ್ವವಿದ್ಯಾನಿಲಯ ಎರಡೂ 1916ರಲ್ಲಿಯೇ ಹುಟ್ಟಿದವು.

ಕೊಡಬಹುದಾದ ವಸ್ತುಗಳು ಅಂಗಡಿ, ಕಾರ್ಖಾನೆಗಳ ಮೂಲೆಯಲ್ಲಿಯೇ ಇವೆ: ರಿವೈಂಡಿಂಗ್ ಅಂಗಡಿಯಲ್ಲಿ ಸುರುಳಿಯ ಕೊನೆಗೆ ಉಳಿದ ಹೊಸ ತಂತಿ, ಅಳತೆಯಲ್ಲಿ ತಪ್ಪಿದ ಬೇರಿಂಗ್ ಗುಂಡುಗಳು, ಹಳೆಯ ಧ್ವನಿವರ್ಧಕದ ಅಯಸ್ಕಾಂತ, ಪಿ.ವಿ.ಸಿ. ಪೈಪಿನ ತುಂಡು, ಪ್ಲೈವುಡ್ಡಿನ ಚೂರು, ಕನ್ನಡಕದ ಅಂಗಡಿಯಲ್ಲಿ ಉಳಿದ ಮಸೂರ. ಆದರೆ ಗುಜರಿ ಸಾಗಹಾಕುವುದಕ್ಕೆ ಶಾಲೆ ಜಾಗವಲ್ಲ. ಲೋಹದ ತುಂಡಿನ ಅಂಚನ್ನು ಅರ ಹಾಕಿ ನಯಗೊಳಿಸಿಯೇ ಕೊಡಬೇಕು. ಪಾದರಸ, ಸೀಸದ ಬ್ಯಾಟರಿ, ಆನ್ ಆಗದ ಕಂಪ್ಯೂಟರ್ ಇವನ್ನು ಕೊಡಲೇಬಾರದು. ಏನು ಬೇಕೆಂದು ಮೊದಲು ಶಿಕ್ಷಕರನ್ನು ಕೇಳುವುದು ಒಳಿತು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರು ಒಂದೆಡೆ ಸೇರುತ್ತಾರೆ. ಸಮೂಹ ಸಂಪನ್ಮೂಲ ವ್ಯಕ್ತಿಗಳ ಮೂಲಕ ಅನುಮತಿ ಪಡೆದು, ಒಬ್ಬ ಫಿಟ್ಟರ್, ಒಬ್ಬ ಎಲೆಕ್ಟ್ರಿಷಿಯನ್ ಅಲ್ಲಿಗೆ ತಮ್ಮ ಉಪಕರಣದ ಚೀಲದೊಂದಿಗೆ ಅರ್ಧ ದಿನ ಹೋಗಿಬಂದರೆ ಹತ್ತಾರು ಶಾಲೆಗಳ ಕೆಟ್ಟ ಉಪಕರಣಗಳು ಒಂದೇ ಕಡೆ ದುರಸ್ತಿಯಾಗುತ್ತವೆ. ಆ ಅರ್ಧ ದಿನದ ಕೂಲಿಯೇ ಉದ್ಯಮಿಯ ದಾನ. ಕರಾವಳಿ, ಮಲೆನಾಡಿನ ಶಾಲೆಗಳಲ್ಲಿ ಮಳೆಗಾಲದ ತೇವಕ್ಕೆ ಸೂಕ್ಷ್ಮದರ್ಶಕದ ಮಸೂರಗಳು ಬೂಷ್ಟು ಹಿಡಿಯುವುದರಿಂದ ಅಲ್ಲಿ ಜೂನ್‌ಗೆ ಮೊದಲೇ ಒಂದು ಭೇಟಿ ಆಗಬೇಕು.

ತೆರಿಗೆಯ ಒಂದು ಎಚ್ಚರಿಕೆ. ಮಾರಾಟದ ದಾಸ್ತಾನಿನಿಂದ ಸರಕನ್ನು ಉಡುಗೊರೆಯಾಗಿ ಕೊಟ್ಟರೆ, 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೆಯ ಉಪವಿಧಿಯಂತೆ ಅದರ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಲೆಕ್ಕಪರಿಶೋಧಕರಿಗೆ ಮೊದಲೇ ತಿಳಿಸಿ ಮುಂದುವರಿಯುವುದು ಕ್ಷೇಮ.

ಕೊನೆಯದಾಗಿ, ವಸ್ತುವಿನ ಜೊತೆಗೆ ಹೋಗಬೇಕಾದ ಪತ್ರದ ವಿಷಯ. ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಅಧ್ಯಕ್ಷರಿಗೂ ಮುಖ್ಯೋಪಾಧ್ಯಾಯರಿಗೂ ಬರೆಯುವ ಆ ಪತ್ರದಲ್ಲಿ, ತಂತಿ, ಫ್ಯೂಸ್, ಗಾಜಿನ ನಳಿಕೆ, ರಾಸಾಯನಿಕ ಮುಂತಾದುವು ಬಳಸಿ ಮುಗಿಸಲೆಂದೇ ಕೊಟ್ಟವು, ಪಾಠದಲ್ಲಿ ಒಡೆದರೆ ಬದಲಿ ಕೊಡಲಾಗುವುದು ಎಂದು ದಾನಿ ಸ್ಪಷ್ಟವಾಗಿ ಬರೆದು ಸಹಿ ಮಾಡಬೇಕು. ಆಗ ಅವನ್ನು ಕಾಯಂ ದಾಸ್ತಾನಿನ ಬದಲು ಬಳಕೆ ಸಾಮಗ್ರಿಯ ವಹಿಯಲ್ಲಿ ಬರೆದುಕೊಳ್ಳಲು ಮುಖ್ಯೋಪಾಧ್ಯಾಯರಿಗೆ ಆಧಾರ ಸಿಗುತ್ತದೆ. ಪತ್ರದ ಕೆಳಗೆ ಅಂಗಡಿಯ ದೂರವಾಣಿ ಸಂಖ್ಯೆಯನ್ನೂ, ಕರೆ ಮಾಡಿದರೆ ಬರುವ ಕೆಲಸಗಾರನ ಹೆಸರನ್ನೂ ಬರೆದಿರಬೇಕು.