ಮನೆಯಲ್ಲೇ ಸೈಕಲ್ ರಿಪೇರಿ: ಟೂಲ್ ಕೊಳ್ಳೋ ಮುಂಚೆ ಅಳತೆ ತಗೊಳ್ಳಿ

ಇವತ್ತಿನ ಸಂಚಿಕೆಯಲ್ಲಿ ಸೈಕಲ್ ಬಗ್ಗೆ ಮಾತಾಡೋಣ. ಓಡಿಸೋದರ ಬಗ್ಗೆ ಅಲ್ಲ, ಬಿಚ್ಚಿ ಜೋಡಿಸೋದರ ಬಗ್ಗೆ. ರಿಪೇರಿ ನಾನೇ ಮಾಡ್ಕೋಬೇಕು, ಹಳೇ ಫ್ರೇಮ್‌ಗೆ ಬೇಕಾದ ಭಾಗ ಹಾಕಿ ನನ್ನದೇ ಸೈಕಲ್ ಕಟ್ಟಬೇಕು ಅನ್ನೋರು ಮೊದಲು ಕೇಳೋ ಪ್ರಶ್ನೆ ಒಂದೇ: ಯಾವ್ಯಾವ ಟೂಲ್ ಕೊಳ್ಳಲಿ?

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡ್ತೀನಿ. ಮೊದಲ ಸಲ ನಲವತ್ತು ಸಾಮಾನು ಇರೋ ಟೂಲ್ ಪೆಟ್ಟಿಗೆ ತಂದೆ. ಕ್ರ್ಯಾಂಕ್, ಅಂದ್ರೆ ಪೆಡಲ್ ಹಿಡಿದಿರೋ ತೋಳು, ಅದನ್ನು ಬಿಚ್ಚೋಣ ಅಂತ ಪೆಟ್ಟಿಗೆಯಲ್ಲಿದ್ದ ಪುಲ್ಲರನ್ನು ಎರಡೇ ಸುತ್ತು ಕೂರಿಸಿ ಜೋರಾಗಿ ತಿರುಗಿಸಿದೆ. ಕ್ರ್ಯಾಂಕ್ ಬರಲಿಲ್ಲ, ಅದರೊಳಗಿನ ಥ್ರೆಡ್ ಕಿತ್ತು ಬಂತು. ಪುಲ್ಲರ್ ಉಕ್ಕು, ಕ್ರ್ಯಾಂಕ್ ಅಲ್ಯೂಮಿನಿಯಂ. ಮೆತ್ತಗಿರೋದೇ ಸೋಲೋದು. ಪುಲ್ಲರ್ ಕೊನೆಯವರೆಗೂ ಒಳಗೆ ಕೂತ ಮೇಲೆ ಬಲ ಹಾಕಿದ್ದಿದ್ರೆ ಹೊಸ ಕ್ರ್ಯಾಂಕ್ ಕೊಳ್ಳೋ ಖರ್ಚು ಉಳೀತಿತ್ತು.

ಅವತ್ತು ಕಲಿತಿದ್ದು ಇಷ್ಟು. ಟೂಲ್ ಎಷ್ಟಿದೆ ಅನ್ನೋದು ಮುಖ್ಯ ಅಲ್ಲ. ನಿಮ್ಮ ಸೈಕಲ್ಲಿಗೆ ಯಾವುದು ಕೂರುತ್ತೆ ಅಂತ ಗೊತ್ತಿರಬೇಕು. ಪೆಟ್ಟಿಗೆ ಕೊಳ್ಳಬೇಡಿ, ಕೆಲಸ ಬಂದ ಹಾಗೆ ಒಂದೊಂದೇ ಕೊಳ್ಳಿ.

ಮೊದಲು ಇಷ್ಟು ಸಾಕು

ಹಾಲಿನವರು, ಪೇಪರ್ ಹಾಕೋರು ಓಡಿಸೋ ಹಳೇ ಕಪ್ಪು ಸೈಕಲ್ಲಿನಲ್ಲಿ ಹೆಚ್ಚಿನದೆಲ್ಲ ನಟ್ಟು-ಬೋಲ್ಟು. ಅದಕ್ಕೆ ಸ್ಪ್ಯಾನರ್ ಸೆಟ್ ಬೇಕು, ಕ್ರ್ಯಾಂಕಿನ ಕಾಟರ್ ಪಿನ್ ತೆಗೆಯೋಕೆ ಸುತ್ತಿಗೆ ಬೇಕು. ಈಗಿನ ಗೇರ್ ಸೈಕಲ್‌ಗಳಲ್ಲಿ ಬಹುಪಾಲು ಕೆಲಸ ಅಲೆನ್ ಕೀದು. 4, 5, 6 ಮಿ.ಮೀ. ದಿನಾ ಬೇಕಾಗುತ್ತೆ, 8 ಮಿ.ಮೀ. ಆಗಾಗ. ಕಾಸು ಖರ್ಚು ಮಾಡೋದಿದ್ರೆ ಇಲ್ಲಿ ಮಾಡಿ. ಅಗ್ಗದ ಅಲೆನ್ ಕೀಯ ಅಂಚು ಬೇಗ ಸವೆಯುತ್ತೆ, ಸವೆದ ಕೀ ಬೋಲ್ಟಿನ ತಲೆಯನ್ನೂ ರೌಂಡ್ ಮಾಡುತ್ತೆ. ಆಮೇಲೆ ಡ್ರಿಲ್ ಹಾಕಿ ತೆಗೆಸಬೇಕು.

ಇದರ ಜೊತೆ ಪಂಪು, ಎರಡು ಟೈರ್ ಲಿವರ್, ಪಂಕ್ಚರ್ ಪ್ಯಾಚು, ಚೈನ್ ಕಟ್ಟರ್, ಪೆಡಲ್‌ಗೆ ತೆಳ್ಳಗಿನ 15 ಮಿ.ಮೀ. ಸ್ಪ್ಯಾನರ್ ಇರಲಿ. ಪೆಡಲ್ ವಿಷಯದಲ್ಲಿ ಒಂದು ಎಚ್ಚರ: ಎಡಗಡೆ ಪೆಡಲ್‌ನ ಥ್ರೆಡ್ ಉಲ್ಟಾ. ಬಿಚ್ಚೋವಾಗ ಸ್ಪ್ಯಾನರಿನ ಹಿಡಿ ಮೇಲಕ್ಕೆ ಇರೋ ಹಾಗೆ ಹಾಕಿ, ಹಿಂದಿನ ಚಕ್ರದ ಕಡೆಗೆ ಎಳೀರಿ. ಎರಡೂ ಕಡೆಗೆ ಇದೇ ಲೆಕ್ಕ, ತಪ್ಪೋದಿಲ್ಲ.

ತುಂಬಾ ಅಗ್ಗದ ಟೂಲ್: ಸ್ಟೀಲ್ ಸ್ಕೇಲು

ಚೈನಿನ ಪಿನ್ನುಗಳ ನಡುವೆ ಅರ್ಧ ಇಂಚು ಅಂತರ. ಹಾಗಾಗಿ ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಇಟ್ರೆ, ಹೊಸ ಚೈನಿನಲ್ಲಿ 12 ಇಂಚಿನ ಗೆರೆ ಮೇಲೆ ಇನ್ನೊಂದು ಪಿನ್ನಿನ ನಡು ಸರಿಯಾಗಿ ಬೀಳುತ್ತೆ. ಆ ಪಿನ್ನು ಒಂದೂವರೆ ಮಿ.ಮೀ. ಮುಂದಕ್ಕೆ ಹೋಗಿದ್ರೆ ಚೈನ್ ಬದಲಾಯಿಸಿ. ಮೂರು ಮಿ.ಮೀ. ಹೋಗಿದ್ರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರೋ ಸಾಧ್ಯತೆ ಹೆಚ್ಚು. ಚೈನ್ ಖರ್ಚಲ್ಲಿ ಮುಗೀಬೇಕಿದ್ದ ಕೆಲಸ ಆಗ ಹಲವು ಪಟ್ಟು ಆಗುತ್ತೆ.

ಸೈಕಲ್ ಕಟ್ಟೋರಿಗೆ ವರ್ನಿಯರ್ ಕ್ಯಾಲಿಪರ್

ಹಳೇ ಫ್ರೇಮ್ ಕೈಗೆ ಬಂದ ತಕ್ಷಣ ಭಾಗ ಹುಡುಕೋಕೆ ಹೋಗಬೇಡಿ. ಮೊದಲು ಮೂರು ಅಳತೆ ಬರ್ಕೊಳ್ಳಿ. ಸೀಟ್ ಪೋಸ್ಟಿನ ವ್ಯಾಸ ಒಂದು. 27.2 ಮಿ.ಮೀ. ಬೇಕಾದ ಕಡೆ 27.0 ಹಾಕಿದ್ರೆ, ಎಷ್ಟು ಬಿಗಿ ಮಾಡಿದ್ರೂ ಸೀಟು ಜಾರುತ್ತೆ. ಹಿಂದಿನ ಚಕ್ರ ಕೂರೋ ಜಾಗದ ಅಗಲ ಎರಡನೇದು. ಎಷ್ಟೋ ರೋಡ್ ಸೈಕಲ್‌ಗಳಲ್ಲಿ ಇದು 130 ಮಿ.ಮೀ., ಎಂಟಿಬಿಗಳಲ್ಲಿ 135.

ಮೂರನೇದು, ಕ್ರ್ಯಾಂಕಿನ ಆಕ್ಸಲ್ ಹಾದು ಹೋಗೋ ಬಾಟಮ್ ಬ್ರ್ಯಾಕೆಟ್ ಕೊಳವೆಯ ಅಗಲ. 68 ಮಿ.ಮೀ. ಇದ್ದು ಒಳಗೆ ಥ್ರೆಡ್ ಇದ್ರೆ ಸಾಮಾನ್ಯವಾಗಿ ಅದು ಬಿಎಸ್‌ಎ ಅಳತೆ. ಅದರಲ್ಲಿ ಬಲಗಡೆಯ ಕಪ್ ಉಲ್ಟಾ ಥ್ರೆಡ್ಡು. ಪೆಡಲ್‌ಗೆ ಎಡ, ಇಲ್ಲಿ ಬಲ. ಇಟಾಲಿಯನ್ ಫ್ರೇಮುಗಳಲ್ಲಿ 70 ಮಿ.ಮೀ. ಇದ್ದು ಎರಡೂ ಕಡೆ ನೇರ ಥ್ರೆಡ್ ಇರುತ್ತೆ. ಇದು ಗೊತ್ತಿಲ್ಲದೆ ಬಲ ಹಾಕಿದ್ರೆ ಫ್ರೇಮೇ ಹಾಳು.

ಹಿಂದಿನ ಹಲ್ಲುಗಳೂ ಹಾಗೇ. ಫ್ರೀವೀಲ್ ಬೇರೆ, ಕ್ಯಾಸೆಟ್ ಬೇರೆ, ಎರಡಕ್ಕೂ ಟೂಲ್ ಬೇರೆ. ಕ್ಯಾಸೆಟ್ ಬಿಚ್ಚೋಕೆ ಹಲ್ಲು ತಿರುಗದ ಹಾಗೆ ಹಿಡಿಯೋ ಚೈನ್ ವಿಪ್ ಕೂಡ ಬೇಕು. ಕಡ್ಡಿ ಬಿಗಿಯೋ ಸ್ಪೋಕ್ ಕೀಯಲ್ಲಿ 3.23, 3.30, 3.45 ಮಿ.ಮೀ. ಅಳತೆಗಳಿವೆ. ನಿಪ್ಪಲ್ ಅಳೆದು ಒಂದನ್ನೇ ಕೊಳ್ಳಿ. ಚಕ್ರದ ಬೆಂಡ್ ತೆಗೆಯೋಕೆ ಸ್ಟ್ಯಾಂಡ್ ಬೇಕಿಲ್ಲ. ಸೈಕಲ್ ತಲೆಕೆಳಗೆ ಮಾಡಿ, ಫೋರ್ಕಿಗೆ ಜಿಪ್ ಟೈ ಕಟ್ಟಿ, ಅದರ ತುದಿಯನ್ನು ರಿಮ್ಮಿನ ಹತ್ತಿರಕ್ಕೆ ಕತ್ತರಿಸಿ. ಎಲ್ಲಿ ತಾಗುತ್ತೋ ಅಲ್ಲಿ ಬೆಂಡ್. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ.

ಜೀವಕ್ಕೆ ಸಂಬಂಧಪಟ್ಟ ಟೂಲ್

ಹ್ಯಾಂಡಲ್ ಹಿಡಿದಿರೋ ಸ್ಟೆಮ್ಮಿನ ಬೋಲ್ಟು ಸಡಿಲ ಇದ್ರೆ, ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಕೈಯಲ್ಲೇ ತಿರುಗುತ್ತೆ. ಹಾಗಂತ ವಿಪರೀತ ಬಿಗಿ ಮಾಡಿದ್ರೆ ಥ್ರೆಡ್ ಹೋಗುತ್ತೆ, ಕಾರ್ಬನ್ ಹ್ಯಾಂಡಲ್ ಆದ್ರೆ ಬಿರುಕು ಬಿಡಬಹುದು. ಈ ಬೋಲ್ಟುಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಬೇಕು. ಸರಿಯಾದ ಸಂಖ್ಯೆ ಹೆಚ್ಚಾಗಿ ಆ ಭಾಗದ ಮೇಲೇ ಅಚ್ಚಾಗಿರುತ್ತೆ. ಪೂರ್ತಿ ಸೈಕಲ್ ಕಟ್ಟೋರಿಗೆ ಟಾರ್ಕ್ ರೆಂಚ್ ಬೇಕೇ ಬೇಕು ಅಂತ ನಾನು ಹೇಳೋದು ಇದಕ್ಕೇ.

ಇವು ಶಾಪಿಗೇ ಬಿಡಿ

ಥ್ರೆಡ್ ಹೊಸದಾಗಿ ಕೊರೆಯೋದು, ಫ್ರೇಮಿನ ಮುಖ ಸಮ ಮಾಡೋದು, ಹೆಡ್‌ಸೆಟ್ ಕಪ್ ಒತ್ತಿ ಕೂರಿಸೋದು, ಇವಕ್ಕೆ ಬೇಕಾದ ಟೂಲು ದುಬಾರಿ, ಕೆಲಸ ಬರೋದು ವರ್ಷಗಳಿಗೊಮ್ಮೆ. ಕೂಲಿ ಕೊಟ್ಟು ಮಾಡಿಸೋದೇ ಲಾಭ. ಬಿರುಕು ಬಿಟ್ಟ ಫ್ರೇಮಿಗಂತೂ ಮನೆಯಲ್ಲಿ ವೆಲ್ಡಿಂಗ್ ಪ್ರಯೋಗ ಬೇಡವೇ ಬೇಡ.

ಹಾಗಾದ್ರೆ ಈ ವಾರ ಒಂದು ಕೆಲಸ ಮಾಡಿ. ಅಂಗಡಿಗೆ ಹೋಗೋ ಮುಂಚೆ ಸ್ಕೇಲು ಹಿಡಿದು ಸೈಕಲ್ ಪಕ್ಕ ಕೂತ್ಕೊಳ್ಳಿ, ಚೈನ್ ಅಳೀರಿ. ಬದಲಾಯಿಸೋ ಹಾಗಿದ್ರೆ ಚೈನ್ ಕಟ್ಟರ್ ಕೊಳ್ಳಿ. ಇಲ್ಲದಿದ್ರೆ ದುಡ್ಡು ಉಳೀತು.