ಹುಲಿಕಲ್ಲಿನ ಸಾಲುಮರಗಳು

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಆಲದ ಮರಗಳನ್ನು ಬೆಳೆಸಿದವರು ಶಾಲೆಯ ಮೆಟ್ಟಿಲೇರದ ಕೂಲಿಗಾರ್ತಿ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ. ಈ ದಂಪತಿಗಳಿಗೆ ಸಂತಾನವಿರಲಿಲ್ಲ. ಮೊದಲನೆಯ ವರ್ಷ 10 ಸಸಿಗಳು, ಮರುವರ್ಷ 15, ಮೂರನೆಯ ವರ್ಷ 20. ಮಳೆಗಾಲದಲ್ಲಿ ನೆಡುವುದು ಸುಲಭ. ದೂರದಿಂದ ನೀರು ಹೊತ್ತು ಎರೆಯುವುದೂ, ದನಕರುಗಳು ಬಾಯಿಹಾಕದಂತೆ ಮುಳ್ಳು ಕಟ್ಟುವುದೂ ಕಷ್ಟ. ನಮ್ಮ ಗ್ರಾಮಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಇದೇ ಎಂಬುದನ್ನು ಮುಖಂಡರು ಗಮನಿಸತಕ್ಕದ್ದು. ಕಾಲಕ್ರಮದಲ್ಲಿ ಮರಗಳು 385 ಆದುವು.

1991ರಲ್ಲಿ ಪತಿವಿಯೋಗವಾದ ಮೇಲೆಯೂ ಆಕೆ ಧೃತಿಗೆಡಲಿಲ್ಲ. 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ವಿಚಿತ್ರವೆಂದರೆ, ರಸ್ತೆಯನ್ನು ಅಗಲಗೊಳಿಸುವುದಕ್ಕಾಗಿ ಆ ಮರಗಳಿಗೇ ಕೊಡಲಿಯ ಭಯ ಬಂದುದೂ ಅದೇ ವರ್ಷ. ವೃದ್ಧೆಯಾದ ಆಕೆ ಸ್ವತಃ ಮುಖ್ಯಮಂತ್ರಿಗಳಲ್ಲಿ ಮೊರೆಯಿಟ್ಟರು. ಮರಗಳನ್ನುಳಿಸಿ ಬೇರೆ ದಾರಿ ನೋಡುವಂತೆ ಅಧಿಕಾರಿಗಳಿಗೆ ಸೂಚನೆಯಾಯಿತು. 2025ರ ನವೆಂಬರ್ 14ರಂದು ತಿಮ್ಮಕ್ಕನವರು ದೈವಾಧೀನರಾದರು.