ಸರ್ಕ್ಯೂಟ್ ಆಟವೂ ಮನೆಯ ಕರೆಂಟೂ

ಪೀಣ್ಯದ ನನ್ನ ಕ್ಲಿನಿಕ್ಕಿನಲ್ಲಿ ಮೊನ್ನೆ ಒಂಬತ್ತು ವರ್ಷದ ಹುಡುಗನೊಬ್ಬ ತಂದೆಯ ಮೊಬೈಲಿನಲ್ಲಿ ಆಟವಾಡುತ್ತ ಕುಳಿತಿದ್ದ. ಪರದೆಯ ತುಂಬ ಚೌಕಗಳು, ಒಂದೊಂದರಲ್ಲೂ ತಂತಿಯ ತುಂಡು. ಚೌಕಗಳನ್ನು ತಿರುಗಿಸಿ, ಬ್ಯಾಟರಿಯಿಂದ ಹೊರಟ ತಂತಿ ಬಲ್ಬಿನ ಮೂಲಕ ಮತ್ತೆ ಬ್ಯಾಟರಿಗೇ ಸೇರುವಂತೆ ಮಾಡಬೇಕು. ನಡುವೆ ಕಡಿದರೆ ಬಲ್ಬು ಉರಿಯದು. ಬಲ್ಬನ್ನು ಬಿಟ್ಟು ಅಡ್ಡದಾರಿ ಹಿಡಿದರೆ ಶಾರ್ಟ್ ಸರ್ಕ್ಯೂಟ್. ಹಂತ ಏರಿದಂತೆ ಬಲ್ಬು, ಸ್ವಿಚ್ಚುಗಳು ಹೆಚ್ಚುತ್ತವೆ.

"ತಪ್ಪಾದರೆ?" ಎಂದು ಕೇಳಿದೆ.

"ಏನೂ ಆಗಲ್ಲ ಡಾಕ್ಟ್ರೇ, ಮತ್ತೆ ಮೊದಲಿಂದ ಆಡಬಹುದು."

ಆಟದ ನಿಯಮಗಳು ನಿಜವಾದವೇ. ಈ ಕೊನೆಯ ಮಾತು ಮಾತ್ರ ಮನೆಯ ಕರೆಂಟಿಗೆ ಅನ್ವಯಿಸುವುದಿಲ್ಲ.

ದೇಹವೂ ಒಂದು ತಂತಿ

ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಕರೆಂಟು ಸೋರುತ್ತಿರುವ ಗೀಸರನ್ನು ಮುಟ್ಟಿದರೆ ಕೈ, ಎದೆ, ಕಾಲು, ನೆಲ ಸೇರಿ ಸರ್ಕ್ಯೂಟ್ ಪೂರ್ಣವಾಗುತ್ತದೆ. ಆ ದಾರಿಯ ನಡುವೆ ಇರುವುದು ಹೃದಯ. ಒಣ ಚರ್ಮ ವಿದ್ಯುತ್ತನ್ನು ಸಾಕಷ್ಟು ತಡೆಯುತ್ತದೆ. ಒದ್ದೆಯಾದರೆ ದೇಹದ ತಡೆ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ 230 ವೋಲ್ಟಿನಲ್ಲಿ ಮೈಯೊಳಗೆ ಹರಿಯುವುದು 230 ಮಿಲಿಆಂಪಿಯರ್. ಹಳೆಯ 60 ವಾಟಿನ ಬಲ್ಬು ಇದಕ್ಕಿಂತ ಹೆಚ್ಚು ಎಳೆಯುತ್ತಿತ್ತು! ಆದರೆ ಹೃದಯದ ಲಯ ಕೆಟ್ಟು ಬಡಿತ ನಿಲ್ಲಲು ಸುಮಾರು 100 ಮಿಲಿಆಂಪಿಯರೇ ಸಾಕು.

"ಮನೆಯಲ್ಲಿ ಫ್ಯೂಸ್ ಇದೆಯಲ್ಲ" ಎನ್ನುವವರುಂಟು. ಫ್ಯೂಸ್ ಮತ್ತು ಎಂಸಿಬಿಗಳು ಹಲವು ಆಂಪಿಯರ್ ಹರಿದಾಗ ಮಾತ್ರ ಕಡಿಯುತ್ತವೆ. ಅವು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹೋದ ಕರೆಂಟು ಪೂರ್ತಿ ಮರಳದಿದ್ದರೆ ಕ್ಷಣಾರ್ಧದಲ್ಲಿ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಸರಿಯಾದ ಅರ್ಥಿಂಗನ್ನೂ ಹಾಕಿಸಿಕೊಳ್ಳಿ. ಆಗಾಗ ಅದರ ಟೆಸ್ಟ್ ಗುಂಡಿ ಒತ್ತಿ ಪರೀಕ್ಷಿಸಿ.

ಬೀದಿಯಲ್ಲಿ ಬಿದ್ದ ತಂತಿ

2023ರ ನವೆಂಬರ್ 19ರ ಮುಂಜಾನೆ ವೈಟ್‌ಫೀಲ್ಡ್ ಸಮೀಪದ ಕಾಡುಗೋಡಿಯಲ್ಲಿ, ಫುಟ್‌ಪಾತಿನ ಮೇಲೆ ಕಡಿದು ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿ ಮತ್ತು ಎಳೆ ಮಗು ತೀರಿಕೊಂಡರು. ಇಂಥ ತಂತಿಯ ಸುತ್ತಲಿನ ನೆಲದಲ್ಲೂ ವಿದ್ಯುತ್ ಇರುತ್ತದೆ. ಕನಿಷ್ಠ ಹತ್ತು ಮೀಟರ್ ದೂರವಿದ್ದು, ಇತರರನ್ನೂ ತಡೆದು, ಬೆಸ್ಕಾಂನ 1912ಕ್ಕೆ ತಿಳಿಸಿ.

ಶಾಕ್ ಹೊಡೆದಾಗ

ಗಾಬರಿಯಲ್ಲಿ ವ್ಯಕ್ತಿಯನ್ನು ಮುಟ್ಟಿದರೆ ನೀವೂ ಅದೇ ಸರ್ಕ್ಯೂಟಿಗೆ ಸೇರುತ್ತೀರಿ. ಮೊದಲು ಮೈನ್ ಸ್ವಿಚ್ ಆರಿಸಿ. ಮನೆಯೊಳಗಿನ ಕರೆಂಟಾಗಿದ್ದು, ಸ್ವಿಚ್ ಕೈಗೆಟುಕದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಿ. ಹೈಟೆನ್ಷನ್ ತಂತಿಯ ಹತ್ತಿರ ಕೋಲು ಹಿಡಿದೂ ಹೋಗಬೇಡಿ.

ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ. ಎದೆಯ ನಟ್ಟನಡುವೆ ಅಂಗೈಯ ಬುಡವಿಟ್ಟು, ಮತ್ತೊಂದು ಕೈ ಅದರ ಮೇಲಿಟ್ಟು, ದೊಡ್ಡವರಿಗಾದರೆ ಐದು ಸೆಂಟಿಮೀಟರಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ನೆರವು ಬರುವವರೆಗೂ ನಿಲ್ಲಿಸಬೇಡಿ. ಎಚ್ಚರವಾಗಿದ್ದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಚರ್ಮದ ಮೇಲೆ ಚಿಕ್ಕ ಕಲೆಯಿದ್ದರೂ ಒಳಗಿನ ಗಾಯ ದೊಡ್ಡದಿರಬಹುದು.

ಹೊರಡುವ ಮುನ್ನ ಆ ಹುಡುಗನನ್ನು ಕೇಳಿದೆ: "ನಿಮ್ಮ ಮನೆಯ ಮೈನ್ ಸ್ವಿಚ್ ಎಲ್ಲಿದೆ?" ಅವನು ತಂದೆಯ ಮುಖ ನೋಡಿದ. ನಿಮ್ಮ ಮಕ್ಕಳಿಗೆ ಗೊತ್ತೇ? ಇಂದೇ ತೋರಿಸಿ.